ಗೋವಿಂದ ಎನ್ನಲು ಗುಂಪೇ ಇಲ್ಲದಾಗ

ಅಜ್ಞಾತವಾಸದ ವರ್ಷದಲ್ಲಿ ಪಾಂಡವರು ಮಾಡಿಕೊಂಡಿದ್ದ ಏರ್ಪಾಡಿನಲ್ಲಿ ಲೋಪವೇನೂ ಇರಲಿಲ್ಲ. ಹೆಸರು ಬದಲಾಗಿತ್ತು, ವೇಷ ಬದಲಾಗಿತ್ತು, ಕಸುಬು ಬದಲಾಗಿತ್ತು. ಆಯುಧಗಳು ಊರಾಚೆಯ ಬನ್ನಿಮರದ ಮೇಲಿದ್ದವು. ಕೌರವರ ಗೂಢಚಾರರು ದೇಶವೆಲ್ಲ ಸುತ್ತಿ ಬರಿಗೈಯಲ್ಲಿ ಮರಳಿದರು. ಆಮೇಲೆ ಒಂದು ಸುದ್ದಿ ಬಂತು: ವಿರಾಟನಗರದಲ್ಲಿ ಕೀಚಕ ಸತ್ತಿದ್ದಾನೆ. ಕತ್ತಿಯ ಗಾಯವಿಲ್ಲ, ಬಾಣದ ಗುರುತಿಲ್ಲ, ಯಾರೋ ಬರಿಗೈಯಲ್ಲೇ ಅವನನ್ನು ಮುದ್ದೆ ಮಾಡಿ ಹಾಕಿದ್ದಾರೆ. ಕೀಚಕನಂಥವನನ್ನು ಹಾಗೆ ಕೊಲ್ಲಬಲ್ಲವರು ಭೂಮಿಯ ಮೇಲೆ ಎಷ್ಟು ಜನ? ಬೆರಳಲ್ಲಿ ಎಣಿಸಬಹುದು. ಅವರಲ್ಲಿ ಉಳಿದವರೆಲ್ಲ ಎಲ್ಲಿದ್ದಾರೆಂದು ಗೊತ್ತಿದೆ, ಒಬ್ಬನನ್ನು ಬಿಟ್ಟು. ನಮ್ಮಲ್ಲಿ ಹೇಳುತ್ತ ಬಂದ ಕತೆಯಲ್ಲಿ ಹಸ್ತಿನಾವತಿಯವರ ಲೆಕ್ಕ ಮುಗಿದದ್ದು ಹೀಗೆ. ಅಡುಗೆಮನೆಯಲ್ಲಿದ್ದವನ ಹೆಸರು ವಲಲ ಎಂದು ತಿಳಿಯುವ ಅಗತ್ಯವೇ ಅವರಿಗೆ ಬೀಳಲಿಲ್ಲ.

ಅಂತರ್ಜಾಲದಲ್ಲಿ ಅನಾಮಿಕರಾಗಿ ಇರುವುದು ಎಂದರೇನು ಎಂದು ಯಾರಾದರೂ ಕೇಳಿದರೆ ನಾನು ಈ ಪ್ರಸಂಗದಿಂದಲೇ ಶುರು ಮಾಡುತ್ತೇನೆ. ಏಕೆಂದರೆ ನಮ್ಮಲ್ಲಿ ಹೆಚ್ಚಿನವರು ಅನಾಮಿಕತೆ ಎಂದರೆ ಹೆಸರು ಮುಚ್ಚಿಡುವುದು ಎಂದುಕೊಂಡಿದ್ದೇವೆ. ಖಾತೆಗೆ ಬೇರೆ ಹೆಸರು ಕೊಟ್ಟೆ, ಫೋಟೊ ಹಾಕಲಿಲ್ಲ, ಇನ್ನು ನಾನು ಯಾರೆಂದು ಯಾರಿಗೆ ತಿಳಿಯುತ್ತದೆ ಎಂಬ ನೆಮ್ಮದಿ. ಆದರೆ ನಮ್ಮನ್ನು ಕಾಯುವುದು ಗುಂಪು. ‘ಗುಂಪಿನಲ್ಲಿ ಗೋವಿಂದ’ ಎನ್ನುತ್ತೇವಲ್ಲ, ಎಲ್ಲರೂ ಕೂಗುವಾಗ ನಮ್ಮ ದನಿ ಯಾವುದೆಂದು ತಿಳಿಯುವುದಿಲ್ಲ. ಗುಂಪು ನೂರು ಜನರದಾದರೆ ಒಂದು ಮಟ್ಟದ ರಕ್ಷಣೆ, ಮೂರು ಜನರದಾದರೆ ಹೆಸರಿಗಷ್ಟೇ ರಕ್ಷಣೆ, ಒಬ್ಬರೇ ಉಳಿದರೆ ಮುಗಿಯಿತು. ಕಳೆದ ಮೂವತ್ತು ವರ್ಷಗಳಲ್ಲಿ ತಂತ್ರಜ್ಞಾನ ನಮ್ಮ ಖಾಸಗಿತನಕ್ಕೆ ಏನು ಮಾಡಿದೆ ಎಂಬುದನ್ನು ಒಂದೇ ಮಾತಿನಲ್ಲಿ ಹೇಳಬೇಕಾದರೆ, ಅದು ನಮ್ಮ ಸುತ್ತಲಿನ ಗುಂಪನ್ನು ಕರಗಿಸಿದೆ.

ಮೂವತ್ತಮೂರು ಪ್ರಶ್ನೆಗಳು

ಇದನ್ನು ಲೆಕ್ಕದಲ್ಲೇ ನೋಡಬಹುದು. ಭೂಮಿಯ ಮೇಲೆ ಸುಮಾರು 800 ಕೋಟಿ ಜನರಿದ್ದೇವೆ. ನಾನು ಒಬ್ಬರನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದೇನೆ, ನೀವು ಹೌದು-ಇಲ್ಲ ಎಂಬ ಉತ್ತರದ ಪ್ರಶ್ನೆ ಕೇಳಿ ಅವರನ್ನು ಹಿಡಿಯಬೇಕು. ಪ್ರತಿ ಪ್ರಶ್ನೆಯೂ ಉಳಿದ ಗುಂಪನ್ನು ಸರಿಯಾಗಿ ಅರ್ಧ ಮಾಡುವಂತಿದ್ದರೆ ಎಷ್ಟು ಪ್ರಶ್ನೆ ಬೇಕು? ಸಾವಿರ, ಲಕ್ಷ ಎಂದು ಅನ್ನಿಸಬಹುದು. ಬೇಕಾದದ್ದು 33. ಮೂವತ್ತಮೂರು ಎರಡುಗಳನ್ನು ಒಂದಕ್ಕೊಂದು ಗುಣಿಸಿದರೆ ಸುಮಾರು 859 ಕೋಟಿ, ಅಂದರೆ ಭೂಮಿಯ ಜನಸಂಖ್ಯೆಗಿಂತ ಹೆಚ್ಚು. ಅಲ್ಲಿಗೆ ಇಡೀ ಮನುಕುಲದಲ್ಲಿ ಅವರೊಬ್ಬರೇ ಉಳಿಯುತ್ತಾರೆ.

ಈಗ ಹುಟ್ಟಿದ ದಿನಾಂಕವನ್ನು ನೋಡಿ. ವರ್ಷಕ್ಕೆ 365 ದಿನ, ಬದುಕಿರುವವರ ವಯಸ್ಸಿನ ಹರವು ಎಂಟು ದಶಕ ಎಂದರೆ ಸುಮಾರು ಮೂವತ್ತು ಸಾವಿರ ಬೇರೆ ಬೇರೆ ದಿನಾಂಕಗಳು. ಹಾಗಾಗಿ ಈ ಒಂದೇ ಮಾಹಿತಿ ಹದಿನಾಲ್ಕು ಪ್ರಶ್ನೆಗಳ ಕೆಲಸವನ್ನು ಮಾಡಿ ಮುಗಿಸುತ್ತದೆ. ಗಂಡೋ ಹೆಣ್ಣೋ ಎಂಬುದು ಇನ್ನೊಂದು. ವಾಸದ ಅಂಚೆ ಸಂಖ್ಯೆ ಇನ್ನೂ ಹದಿಮೂರು, ಹದಿನಾಲ್ಕು. ಮೂರೇ ಮೂರು ಖಾನೆ ತುಂಬುವಷ್ಟರಲ್ಲಿ ಮೂವತ್ತಮೂರರ ಹತ್ತಿರ ಬಂದುಬಿಟ್ಟೆವು. ಈ ಮೂರನ್ನೂ ನಾವು ಎಷ್ಟು ಕಡೆ, ಎಷ್ಟು ಅರ್ಜಿಗಳಲ್ಲಿ, ಎರಡನೆಯ ಯೋಚನೆಯಿಲ್ಲದೆ ಬರೆದುಕೊಟ್ಟಿದ್ದೇವೆ!

ಇದು ಕಾಗದದ ಮೇಲಿನ ಲೆಕ್ಕ ಮಾತ್ರವಲ್ಲ ಎಂದು ತೋರಿಸಿದವರು ಲತಾನ್ಯಾ ಸ್ವೀನಿ. 1990ರ ದಶಕದ ನಡುವಿನಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ನೌಕರರ ಆರೋಗ್ಯ ವಿಮೆ ನೋಡಿಕೊಳ್ಳುವ ಸಂಸ್ಥೆ, ಆಸ್ಪತ್ರೆ ದಾಖಲೆಗಳನ್ನು ಹೆಸರು, ವಿಳಾಸ ತೆಗೆದು ಸಂಶೋಧಕರಿಗೆ ಕೊಟ್ಟಿತ್ತು. ಹೆಸರಿಲ್ಲವಾದ್ದರಿಂದ ಭಯವಿಲ್ಲ ಎಂದು ರಾಜ್ಯದ ಗವರ್ನರ್ ವಿಲಿಯಂ ವೆಲ್ಡ್ ಜನರಿಗೆ ಭರವಸೆ ಕೊಟ್ಟಿದ್ದರು. ಆಗ ಎಂಐಟಿಯಲ್ಲಿ ವಿದ್ಯಾರ್ಥಿನಿಯಾಗಿದ್ದ ಸ್ವೀನಿ ಗವರ್ನರ್ ವಾಸವಿದ್ದ ಕೇಂಬ್ರಿಜ್ ನಗರದ ಮತದಾರರ ಪಟ್ಟಿಯನ್ನು 20 ಡಾಲರ್ ಕೊಟ್ಟು ಕೊಂಡರು. ಆ ಪಟ್ಟಿಯಲ್ಲಿ ವೆಲ್ಡ್ ಹುಟ್ಟಿದ ದಿನಾಂಕವೇ ಇದ್ದವರು ಆರು ಜನ, ಅದರಲ್ಲಿ ಗಂಡಸರು ಮೂವರು, ಅವರ ಅಂಚೆ ಸಂಖ್ಯೆಯಲ್ಲಿ ವಾಸವಿದ್ದವರು ಒಬ್ಬರೇ. ಆಸ್ಪತ್ರೆ ದಾಖಲೆಯಲ್ಲಿ ಆ ಮೂರು ವಿವರ ಹೊಂದುವ ಸಾಲನ್ನು ಹುಡುಕಿದರೆ ಗವರ್ನರರ ಕಾಯಿಲೆ, ಔಷಧಿ ಎಲ್ಲ ಕೈಯಲ್ಲಿತ್ತು. ಅಮೆರಿಕದ ಜನಸಂಖ್ಯೆಯ ಶೇ. 87ರಷ್ಟು ಮಂದಿಯನ್ನು ಈ ಮೂರೇ ವಿವರಗಳಿಂದ ಬೇರ್ಪಡಿಸಿ ಗುರುತಿಸಬಹುದೆಂದು ಅವರು 2000ದಲ್ಲಿ ಅಂದಾಜು ಮಾಡಿದರು.

ಗಮನಿಸಬೇಕಾದದ್ದೆಂದರೆ ಇಲ್ಲಿ ಯಾರೂ ಏನನ್ನೂ ಕದಿಯಲಿಲ್ಲ. ಎರಡೂ ಪಟ್ಟಿಗಳು ನ್ಯಾಯವಾಗಿಯೇ ಹೊರಗಿದ್ದವು, ಒಂದೊಂದೂ ತನ್ನಷ್ಟಕ್ಕೆ ನಿರಪಾಯವಾಗಿತ್ತು. ಅಪಾಯ ಹುಟ್ಟಿದ್ದು ಎರಡನ್ನೂ ಪಕ್ಕಪಕ್ಕ ಇಟ್ಟಾಗ. ಖಾಸಗಿತನದ ಬಗ್ಗೆ ಮಾತಾಡುವಾಗ ನಾವು ಬಾಗಿಲು ಒಡೆಯುವ ಕಳ್ಳನನ್ನು ಕಲ್ಪಿಸಿಕೊಳ್ಳುತ್ತೇವೆ. ಹೆಚ್ಚಿನ ಹಾನಿ ಆಗುವುದು ಹೀಗೆ, ಸದ್ದಿಲ್ಲದೆ, ತೆರೆದಿಟ್ಟ ಎರಡು ಪುಸ್ತಕಗಳ ನಡುವೆ.

ಹೆಸರು ಅಳಿಸಿದ ಮೇಲೂ

2006ರ ಆಗಸ್ಟ್‌ನಲ್ಲಿ ಎಒಎಲ್ ಎಂಬ ಅಂತರ್ಜಾಲ ಕಂಪನಿ ಸುಮಾರು 6.5 ಲಕ್ಷ ಬಳಕೆದಾರರು ಮೂರು ತಿಂಗಳಲ್ಲಿ ಹುಡುಕಿದ 2 ಕೋಟಿ ಹುಡುಕುಪದಗಳನ್ನು ಸಂಶೋಧನೆಗೆಂದು ಬಿಡುಗಡೆ ಮಾಡಿತು. ಹೆಸರಿನ ಜಾಗದಲ್ಲಿ ಪ್ರತಿಯೊಬ್ಬರಿಗೂ ಒಂದು ಸಂಖ್ಯೆ ಇತ್ತು. ಕೆಲವೇ ದಿನಗಳಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ವರದಿಗಾರರು ಆ ಸಂಖ್ಯೆಗಳಲ್ಲೊಂದರ ಹಿಂದಿದ್ದ ವಯಸ್ಸಾದ ಮಹಿಳೆಯ ಮನೆ ಬಾಗಿಲಲ್ಲಿ ನಿಂತಿದ್ದರು. ಆಕೆ ಮಾಡಿದ್ದಿಷ್ಟೇ: ತನ್ನ ಊರಿನಲ್ಲಿ ಅಂಗಳದ ಕೆಲಸ ಮಾಡುವವರನ್ನು ಹುಡುಕಿದ್ದಳು, ತನ್ನ ಕುಲನಾಮ ಇರುವ ಬಂಧುಗಳನ್ನು ಹುಡುಕಿದ್ದಳು, ದೇಹದ ಸಣ್ಣಪುಟ್ಟ ಬಾಧೆಗಳ ಬಗ್ಗೆ ಕೇಳಿದ್ದಳು. ನಾವು ಹುಡುಕುವುದನ್ನೆಲ್ಲ ಒಂದು ದಾರದಲ್ಲಿ ಪೋಣಿಸಿದರೆ ಅದು ನಮ್ಮ ದಿನಚರಿಯಾಗುತ್ತದೆ. ಯಾರಿಗೂ ಹೇಳದ್ದನ್ನು ನಾವು ಹುಡುಕುಪೆಟ್ಟಿಗೆಗೆ ಹೇಳುತ್ತೇವೆ, ಮೊದಲು ಹೇಳುವುದೂ ಅದಕ್ಕೇ.

ಅದೇ ವರ್ಷ ನೆಟ್‌ಫ್ಲಿಕ್ಸ್ ಕೂಡ ಸುಮಾರು 5 ಲಕ್ಷ ಗ್ರಾಹಕರ 10 ಕೋಟಿ ರೇಟಿಂಗ್‌ಗಳನ್ನು ಹೆಸರು ತೆಗೆದು ಹೊರಬಿಟ್ಟಿತ್ತು. ಯಾವ ಚಿತ್ರಕ್ಕೆ ಎಷ್ಟು ನಕ್ಷತ್ರ ಎಂಬುದರಲ್ಲಿ ಗುಟ್ಟೇನಿದೆ? ಅರವಿಂದ ನಾರಾಯಣನ್ ಮತ್ತು ವಿಟಾಲಿ ಶ್ಮಾಟಿಕೊವ್ 2008ರಲ್ಲಿ ತೋರಿಸಿದಂತೆ, ಒಬ್ಬರ ಎಂಟು ರೇಟಿಂಗ್‌ಗಳು ಗೊತ್ತಿದ್ದು, ಅದರಲ್ಲಿ ಎರಡು ಪೂರ್ತಿ ತಪ್ಪಾಗಿದ್ದು, ದಿನಾಂಕದಲ್ಲಿ ಎರಡು ವಾರದ ಹೆಚ್ಚುಕಡಿಮೆ ಇದ್ದರೂ ಶೇ. 99ರಷ್ಟು ದಾಖಲೆಗಳನ್ನು ಬೇರ್ಪಡಿಸಿ ಹಿಡಿಯಬಹುದು. ಎಲ್ಲರೂ ನೋಡುವ ಚಿತ್ರಗಳು ಯಾರನ್ನೂ ಬಯಲು ಮಾಡುವುದಿಲ್ಲ. ಹಿಡಿದುಕೊಡುವುದು ನಾವು ಮಾತ್ರ ಇಷ್ಟಪಟ್ಟ ಆ ಎರಡು ಮೂರು ಅಪರೂಪದ ಚಿತ್ರಗಳು.

ಕಾಲ ಮತ್ತು ಜಾಗದ ವಿಷಯದಲ್ಲಂತೂ ಗುಂಪು ಕರಗುವ ವೇಗ ದಿಗಿಲು ಹುಟ್ಟಿಸುತ್ತದೆ. 15 ಲಕ್ಷ ಜನರ 15 ತಿಂಗಳ ಮೊಬೈಲ್ ದಾಖಲೆಗಳನ್ನು ಇಟ್ಟುಕೊಂಡು ಈವ್-ಅಲೆಕ್ಸಾಂಡ್ರ ದ ಮೊಂಜೊಯ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಯಾವ ಗಂಟೆಯಲ್ಲಿ ಯಾವ ಟವರ್‌ನ ಹತ್ತಿರ ಇದ್ದರು ಎಂಬ ನಾಲ್ಕೇ ನಾಲ್ಕು ಬಿಂದುಗಳು ಶೇ. 95ರಷ್ಟು ಮಂದಿಯನ್ನು ಗುರುತಿಸಲು ಸಾಕು. ಯೋಚಿಸಿ ನೋಡಿದರೆ ಇದರಲ್ಲಿ ಆಶ್ಚರ್ಯವಿಲ್ಲ. ರಾತ್ರಿ ನೀವು ಮಲಗುವ ಜಾಗ ಮತ್ತು ಹಗಲು ನೀವು ದುಡಿಯುವ ಜಾಗ, ಈ ಎರಡನ್ನೂ ನಿಮ್ಮೊಂದಿಗೆ ಹಂಚಿಕೊಳ್ಳುವ ಇನ್ನೊಬ್ಬ ವ್ಯಕ್ತಿ ಎಷ್ಟೋ ಸಲ ಇರುವುದೇ ಇಲ್ಲ.

ಇನ್ನೊಂದು ನಂಬಿಕೆಯನ್ನು ಇಲ್ಲೇ ಬಿಡಿಸಬೇಕು. ‘ನಿಮ್ಮ ಫೋನ್ ಸಂಖ್ಯೆಯನ್ನು ನಾವು ಹ್ಯಾಶ್ ಮಾಡಿ ಇಟ್ಟುಕೊಳ್ಳುತ್ತೇವೆ, ಆದ್ದರಿಂದ ಅದು ಅನಾಮಿಕ’ ಎಂಬ ಒಕ್ಕಣೆಯನ್ನು ನೀವು ಓದಿರಬಹುದು. ಹ್ಯಾಶ್ ಎಂದರೆ ಒಂದು ಬಗೆಯ ಗಾಣ. ಸಂಖ್ಯೆ ಹಾಕಿದರೆ ಅರ್ಥವಿಲ್ಲದ ಅಕ್ಷರಗಳ ಸರಮಾಲೆ ಹೊರಬರುತ್ತದೆ, ಆ ಸರಮಾಲೆಯಿಂದ ಹಿಂದಕ್ಕೆ ಹೋಗಲು ದಾರಿಯಿಲ್ಲ. ಆದರೆ ಒಂದೇ ಸಂಖ್ಯೆ ಹಾಕಿದರೆ ಯಾವಾಗಲೂ ಒಂದೇ ಸರಮಾಲೆ ಬರುತ್ತದೆ. ಹಾಗಿದ್ದ ಮೇಲೆ ಹಿಂದಕ್ಕೆ ಹೋಗುವ ಕಷ್ಟವೇಕೆ? ಇರಬಹುದಾದ ಎಲ್ಲ ಸಂಖ್ಯೆಗಳನ್ನೂ ಗಾಣಕ್ಕೆ ಹಾಕಿ, ಬಂದ ಸರಮಾಲೆಗಳ ಪಟ್ಟಿ ಮಾಡಿಟ್ಟುಕೊಂಡರೆ ಸಾಕು. 2014ರಲ್ಲಿ ನ್ಯೂಯಾರ್ಕ್ ನಗರದ 17 ಕೋಟಿಗೂ ಹೆಚ್ಚು ಟ್ಯಾಕ್ಸಿ ಸವಾರಿಗಳ ದಾಖಲೆ ಹೊರಬಂದಾಗ ಟ್ಯಾಕ್ಸಿ ಸಂಖ್ಯೆಗಳನ್ನು ಹೀಗೆ ಹ್ಯಾಶ್ ಮಾಡಲಾಗಿತ್ತು. ಸಾಧ್ಯವಿರುವ ಸಂಖ್ಯೆಗಳೇ ಕೆಲವು ಕೋಟಿಯೊಳಗಿದ್ದವು, ಒಬ್ಬ ಎಂಜಿನಿಯರ್ ಕೆಲವೇ ಗಂಟೆಗಳಲ್ಲಿ ಎಲ್ಲವನ್ನೂ ಬಿಡಿಸಿಬಿಟ್ಟರು. ಹತ್ತು ಅಂಕಿಯ ಫೋನ್ ಸಂಖ್ಯೆಗಳು ಹೆಚ್ಚೆಂದರೆ ಸಾವಿರ ಕೋಟಿ. ಇಂದಿನ ಯಂತ್ರಗಳಿಗೆ ಅದೊಂದು ಸಂಖ್ಯೆಯೇ ಅಲ್ಲ.

ನಮ್ಮ ಕೈಯಲ್ಲಿರುವ ಪೆಟ್ಟಿಗೆ ಏನೇನು ಹೇಳುತ್ತದೆ

ಒಂದು ಜಾಲತಾಣ ತೆರೆದ ಕ್ಷಣ ನಮ್ಮ ಐಪಿ ವಿಳಾಸ, ಅಂದರೆ ಜಾಲದಲ್ಲಿ ನಮ್ಮ ಸಂಪರ್ಕಕ್ಕಿರುವ ಸಂಖ್ಯೆ, ಅದಕ್ಕೆ ತಿಳಿಯುತ್ತದೆ. ತಿಳಿಯಲೇಬೇಕು, ಇಲ್ಲದಿದ್ದರೆ ಪುಟವನ್ನು ಎಲ್ಲಿಗೆ ಕಳಿಸುವುದು? ಆ ವಿಳಾಸ ಯಾವ ಊರಿನ ಸುತ್ತಮುತ್ತಲಿನದು ಎಂದು ಯಾರು ಬೇಕಾದರೂ ಅಂದಾಜು ಮಾಡಬಹುದು. ಆ ಹೊತ್ತಿಗೆ ಅದು ಯಾವ ಗ್ರಾಹಕರ ಬಳಿ ಇತ್ತು ಎಂದು ಅಂತರ್ಜಾಲ ಸೇವೆ ಕೊಡುವ ಕಂಪನಿಗೆ ಗೊತ್ತಿರುತ್ತದೆ. ಎಚ್‌ಟಿಟಿಪಿಎಸ್ ಎಂಬ ಗೂಢಲಿಪಿಯ ಬೀಗ ಇದ್ದರೆ ಪುಟದಲ್ಲಿ ಓದಿದ್ದು, ಬರೆದದ್ದು ನಡುವಿನವರಿಗೆ ಕಾಣುವುದಿಲ್ಲ. ಯಾವ ತಾಣಕ್ಕೆ ಹೋದಿರಿ, ಎಷ್ಟು ಹೊತ್ತಿಗೆ, ಎಷ್ಟು ಬಾರಿ ಎಂಬುದು ಸಾಮಾನ್ಯವಾಗಿ ಕಾಣುತ್ತದೆ. ಮಧ್ಯರಾತ್ರಿ ಎರಡು ಗಂಟೆಗೆ ಆತ್ಮಹತ್ಯೆ ತಡೆ ಸಹಾಯವಾಣಿಯ ತಾಣಕ್ಕೆ ಹೋದವರು ಅಲ್ಲಿ ಏನು ಬರೆದರೆಂದು ತಿಳಿದುಕೊಳ್ಳುವ ಅಗತ್ಯ ಯಾರಿಗೂ ಇಲ್ಲ. ಹೋದರು ಎಂಬುದೇ ಸಾಕು.

ಕುಕೀ, ಅಂದರೆ ತಾಣವೊಂದು ನಮ್ಮ ಬ್ರೌಸರ್‌ನಲ್ಲಿ ಇಟ್ಟುಹೋಗುವ ಪುಟ್ಟ ಚೀಟಿ, 1994ರಲ್ಲಿ ಬ್ರೌಸರ್ ತಯಾರಿಸುತ್ತಿದ್ದ ನೆಟ್‌ಸ್ಕೇಪ್‌ನ ಲೂ ಮೊಂಟುಲಿ ಹುಟ್ಟುಹಾಕಿದ್ದು. ಮರೆವಿನ ಜಾಲಕ್ಕೆ ಸ್ವಲ್ಪ ನೆನಪು ಕೊಡುವುದಷ್ಟೇ ಆಗಿನ ಉದ್ದೇಶ, ಬುಟ್ಟಿಗೆ ಹಾಕಿದ ಸಾಮಾನು ಮುಂದಿನ ಪುಟಕ್ಕೆ ಹೋಗುವಷ್ಟರಲ್ಲಿ ಮಾಯವಾಗಬಾರದಲ್ಲ. ಆದರೆ ಒಂದೇ ಜಾಹೀರಾತು ಕಂಪನಿ ಸಾವಿರಾರು ತಾಣಗಳಲ್ಲಿ ಕೂತಾಗ, ಅದೇ ಚೀಟಿ ನಮ್ಮನ್ನು ಮನೆಯಿಂದ ಮನೆಗೆ ಹಿಂಬಾಲಿಸಲು ದಾರಿಯಾಯಿತು. ಕುಕೀಗಳನ್ನು ಅಳಿಸಿದರೆ ಮುಗಿಯಿತೇ ಎಂದರೆ ಅದೂ ಇಲ್ಲ. ಪರದೆಯ ಅಳತೆ, ಅಕ್ಷರಶೈಲಿಗಳ ಪಟ್ಟಿ, ಸಮಯ ವಲಯ, ಚಿತ್ರ ಬಿಡಿಸುವ ಚಿಪ್‌ನ ಸೂಕ್ಷ್ಮ ವ್ಯತ್ಯಾಸ, ಇವನ್ನೆಲ್ಲ ಸೇರಿಸಿದರೆ ಬ್ರೌಸರ್‌ಗೇ ಒಂದು ಬೆರಳಚ್ಚು ಸಿದ್ಧವಾಗುತ್ತದೆ. 2010ರಲ್ಲಿ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ ಎಂಬ ಡಿಜಿಟಲ್ ಹಕ್ಕುಗಳ ಸಂಸ್ಥೆ ಸುಮಾರು 4.7 ಲಕ್ಷ ಬ್ರೌಸರ್‌ಗಳನ್ನು ಪರೀಕ್ಷಿಸಿದಾಗ ಶೇ. 83.6ರಷ್ಟರ ಬೆರಳಚ್ಚು ಬೇರೆ ಯಾವುದಕ್ಕೂ ಹೊಂದಲಿಲ್ಲ. ಇಲ್ಲಿಯೂ ನಿಯಮ ಅದೇ, ಅಪರೂಪದವರು ಬೇಗ ಸಿಕ್ಕಿಬೀಳುತ್ತಾರೆ. ಬ್ರೌಸರ್‌ನ ಭಾಷೆಯನ್ನು ಇಂಗ್ಲಿಷ್ ಎಂದಿಟ್ಟವರು ದೊಡ್ಡ ಜಾತ್ರೆಯಲ್ಲಿದ್ದಾರೆ. ಕನ್ನಡ ಎಂದಿಟ್ಟವರು, ಆ ಆಯ್ಕೆಯನ್ನು ನಾನು ಮನಸಾರೆ ಮೆಚ್ಚಿದರೂ, ಹೋಗುವ ಪ್ರತಿ ತಾಣಕ್ಕೂ ತಾವು ಚಿಕ್ಕ ಗುಂಪಿನವರೆಂದು ಸಾರುತ್ತ ಹೋಗುತ್ತಾರೆ. ಸಣ್ಣ ಭಾಷೆಯವರು ಪಾವತಿಸಬೇಕಾದ ಈ ಬೆಲೆ ನನಗೆ ನಿಜಕ್ಕೂ ನೋವಿನ ಸಂಗತಿ.

ಬ್ರೌಸರ್‌ನ ಇನ್‌ಕಾಗ್ನಿಟೊ (ಗುಪ್ತ) ಕಿಟಕಿಯನ್ನು ಅನೇಕರು ಮಾಯಾಕಂಬಳಿ ಎಂದುಕೊಂಡಿದ್ದಾರೆ. ಅದು ಮರೆಮಾಡುವುದು ಅದೇ ಕಂಪ್ಯೂಟರನ್ನು ಬಳಸುವ ಇನ್ನೊಬ್ಬರಿಂದ ಮಾತ್ರ. ಕಿಟಕಿ ಮುಚ್ಚಿದ ಮೇಲೆ ಇತಿಹಾಸ ಉಳಿಯುವುದಿಲ್ಲ, ಕುಕೀ ಉಳಿಯುವುದಿಲ್ಲ, ಅಷ್ಟೇ. ತಾಣಕ್ಕೆ, ಜಾಹೀರಾತುದಾರರಿಗೆ, ಸೇವೆ ಕೊಡುವ ಕಂಪನಿಗೆ ನೀವು ಎಂದಿನಂತೆ ಕಾಣುತ್ತಲೇ ಇರುತ್ತೀರಿ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ. ಈ ವಿಷಯದಲ್ಲಿ ಬಳಕೆದಾರರನ್ನು ತಪ್ಪುದಾರಿಗೆಳೆದಿದೆ ಎಂದು 2020ರಲ್ಲಿ ಹೂಡಿದ ಮೊಕದ್ದಮೆಯ ರಾಜಿಯ ಭಾಗವಾಗಿ ಗೂಗಲ್ 2024ರಲ್ಲಿ ಅಪಾರ ಪ್ರಮಾಣದ ದಾಖಲೆಗಳನ್ನು ನಾಶಮಾಡಲು ಒಪ್ಪಿಕೊಂಡಿತು. ನಮ್ಮ ಸಂಪರ್ಕವನ್ನು ತನ್ನ ಕಂಪ್ಯೂಟರ್ ಮೂಲಕ ಹಾಯಿಸುವ ವಿಪಿಎನ್ ಸೇವೆ ಇದಕ್ಕಿಂತ ಒಂದು ಹೆಜ್ಜೆ ಮುಂದೆ. ತಾಣಕ್ಕೆ ನಿಮ್ಮ ಐಪಿ ಬದಲು ವಿಪಿಎನ್ ಕಂಪನಿಯ ಐಪಿ ಕಾಣುತ್ತದೆ, ಸೇವೆ ಕೊಡುವವರಿಗೆ ನೀವು ಹೋದ ಜಾಗ ಕಾಣುವುದಿಲ್ಲ. ಆದರೆ ಅದೆಲ್ಲವೂ ಈಗ ವಿಪಿಎನ್ ಕಂಪನಿಗೆ ಕಾಣುತ್ತದೆ. ಜುಟ್ಟು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಯಿತು. ಆ ಇನ್ನೊಬ್ಬರು ಹೆಚ್ಚು ನಂಬಿಗಸ್ತರೇ ಎಂಬುದೊಂದೇ ಅಲ್ಲಿ ಕೇಳಬೇಕಾದ ಪ್ರಶ್ನೆ. ಸೇವೆ ಪುಕ್ಕಟೆಯಾಗಿದ್ದರೆ ಇನ್ನೂ ಗಟ್ಟಿಯಾಗಿ ಕೇಳಬೇಕು.

ಇಷ್ಟೆಲ್ಲ ಆದ ಮೇಲೂ ನನ್ನನ್ನು ಹೆಚ್ಚು ಕಾಡುವುದು ಮೊಬೈಲ್. ಸ್ಮಾರ್ಟ್‌ಫೋನ್‌ಗಳಲ್ಲಿ ಸಾಮಾನ್ಯವಾಗಿ ಜಾಹೀರಾತಿಗೆಂದೇ ಒಂದು ಗುರುತು ಸಂಖ್ಯೆ ಇದೆ. ಹವಾಮಾನದ್ದೋ ಆಟದ್ದೋ ಆ್ಯಪ್ ಒಂದರಲ್ಲಿ ಜಾಹೀರಾತಿನ ಜಾಗ ಖಾಲಿಯಾದಾಗ, ನಾವು ಕಣ್ಣು ಮಿಟುಕಿಸುವಷ್ಟರಲ್ಲಿ ಒಂದು ಹರಾಜು ನಡೆದು ಮುಗಿಯುತ್ತದೆ. ಬಿಡ್ ಮಾಡುವ ಕಂಪನಿಗಳಿಗೆ ಆ ಗುರುತು ಸಂಖ್ಯೆ, ಆ್ಯಪ್‌ನ ಹೆಸರು, ಎಷ್ಟೋ ಸಲ ಫೋನ್ ಇರುವ ಜಾಗ ಎಲ್ಲ ಹೋಗುತ್ತದೆ. ಹರಾಜು ಗೆಲ್ಲುವವರು ಒಬ್ಬರು, ಮಾಹಿತಿ ಸಿಗುವುದು ಎಲ್ಲರಿಗೂ. ಹೀಗೆ ಕೂಡಿಟ್ಟ ಜಾಗದ ದತ್ತಾಂಶವನ್ನು ಮಾರುವವರ ಒಂದು ಉದ್ಯಮವೇ ಬೆಳೆದಿದೆ. 2021ರಲ್ಲಿ ಅಮೆರಿಕದಲ್ಲಿ ಒಂದು ಸುದ್ದಿತಾಣ ಮಾರುಕಟ್ಟೆಯಲ್ಲಿ ಸಿಗುವ ಇಂಥ ದತ್ತಾಂಶವನ್ನೇ ಜಾಲಾಡಿ, ಸಲಿಂಗಿಗಳ ಡೇಟಿಂಗ್ ಆ್ಯಪ್ ಬಳಸುತ್ತಿದ್ದ ಒಂದು ಫೋನು ಒಬ್ಬ ಧರ್ಮಗುರುವಿನ ಮನೆ ಮತ್ತು ಕಚೇರಿಯಲ್ಲಿ ಇರುತ್ತಿತ್ತೆಂದು ಬರೆಯಿತು. ಅವರು ಹುದ್ದೆ ಬಿಡಬೇಕಾಯಿತು. ಪೊಲೀಸರಿಲ್ಲ, ನ್ಯಾಯಾಲಯದ ಆದೇಶವಿಲ್ಲ, ಹ್ಯಾಕಿಂಗ್ ಇಲ್ಲ. ಮಲಗುವ ಜಾಗ ಮತ್ತು ದುಡಿಯುವ ಜಾಗ, ಎರಡೇ ಬಿಂದುಗಳು.

ವೈಯಕ್ತಿಕ ದಾಖಲೆ ಕೊಡದೆ ಬರೀ ಒಟ್ಟು ಮೊತ್ತ ತೋರಿಸಿದರೆ ಸುರಕ್ಷಿತವಲ್ಲವೇ? ಸ್ಟ್ರಾವಾ ಎಂಬ ವ್ಯಾಯಾಮದ ಆ್ಯಪ್ ಹಾಗೆಂದೇ ನಂಬಿ 2017ರ ನವೆಂಬರ್‌ನಲ್ಲಿ ತನ್ನೆಲ್ಲ ಬಳಕೆದಾರರು ಓಡಿದ ಹಾದಿಗಳನ್ನು ಬೆಳಗಿಸಿದ ಜಗತ್ತಿನ ನಕಾಶೆ ಬಿಡುಗಡೆ ಮಾಡಿತು. ಮಹಾನಗರಗಳಲ್ಲಿ ಯಾರ ಗೆರೆ ಯಾವುದೆಂದು ತಿಳಿಯದಷ್ಟು ಬೆಳಕು. ಆದರೆ ಅಫ್ಘಾನಿಸ್ತಾನ, ಸಿರಿಯಾದ ಕತ್ತಲೆಯ ಬಯಲಿನಲ್ಲಿ ಅಲ್ಲೊಂದು ಇಲ್ಲೊಂದು ಚೌಕಾಕಾರದ ಗೆರೆ ಹೊಳೆಯುತ್ತಿತ್ತು. ಅವು ಸೇನಾ ನೆಲೆಗಳ ಬೇಲಿಯಗುಂಟ ಸೈನಿಕರು ಓಡಿದ ಹಾದಿಗಳೆಂದು 2018ರ ಜನವರಿಯಲ್ಲಿ ಆಸ್ಟ್ರೇಲಿಯಾದ ವಿದ್ಯಾರ್ಥಿ ನೇಥನ್ ರೂಸರ್ ಗುರುತಿಸಿದರು. ಗುಂಪಿದ್ದಲ್ಲಿ ಒಟ್ಟು ಮೊತ್ತ ಮರೆಮಾಡಿತು, ಗುಂಪಿಲ್ಲದಲ್ಲಿ ಅದೇ ಮೊತ್ತ ದೀಪ ಹಿಡಿದು ತೋರಿಸಿತು.

ಎರಡು ಹೆಸರುಗಳ ನಡುವಿನ ಸೇತುವೆ

ಕಾವ್ಯನಾಮದಲ್ಲಿ ಬರೆಯುವುದು ನಮಗೆ ಹೊಸತೇನಲ್ಲ. ಅದು ಅನಾಮಿಕತೆಯಲ್ಲ, ಇನ್ನೊಂದು ಗುರುತು. ಅದಕ್ಕೊಂದು ನೆನಪಿದೆ, ಹೆಸರುವಾಸಿಯಿದೆ, ಓದುಗರಿದ್ದಾರೆ. ಅಂತರ್ಜಾಲದಲ್ಲಿ ನಾವು ಇಟ್ಟುಕೊಳ್ಳುವ ಬೇರೆ ಹೆಸರುಗಳೂ ಹೀಗೆಯೇ. ಆ ಹೆಸರು ಬಾಳಿದಷ್ಟೂ ಅದರ ಸುತ್ತ ಗುರುತುಗಳು ಕೂಡುತ್ತ ಹೋಗುತ್ತವೆ, ಒಂದೇ ಒಂದು ಸೇತುವೆ ಸಿಕ್ಕಿದರೆ ಹಿಂದಿನದೆಲ್ಲವೂ ಒಟ್ಟಿಗೆ ನಿಜ ಹೆಸರಿಗೆ ಬಂದು ಸೇರುತ್ತದೆ. ಸಿಲ್ಕ್ ರೋಡ್ ಎಂಬ ಮಾದಕವಸ್ತುಗಳ ಕಳ್ಳಸಂತೆ ನಡೆಸುತ್ತಿದ್ದ ರಾಸ್ ಉಲ್ಬ್ರಿಕ್ಟ್ ತಾಂತ್ರಿಕವಾಗಿ ಬಹಳ ಎಚ್ಚರ ವಹಿಸಿದ್ದ. ಆದರೆ 2011ರಲ್ಲಿ ಆ ಸಂತೆಯನ್ನು ಮೊದಮೊದಲು ಪ್ರಚಾರ ಮಾಡಿದ ‘ಆಲ್ಟಾಯ್ಡ್’ ಎಂಬ ಅಡ್ಡಹೆಸರಿನಲ್ಲೇ ಮುಂದೊಮ್ಮೆ ಕೆಲಸಗಾರರು ಬೇಕೆಂದು ಬರೆದು, ತನ್ನ ಸ್ವಂತ ಹೆಸರಿದ್ದ ಇಮೇಲ್ ವಿಳಾಸ ಕೊಟ್ಟಿದ್ದ. 2013ರಲ್ಲಿ ಅವನು ಸಿಕ್ಕಿಬಿದ್ದುದಕ್ಕೆ ಈ ಸೇತುವೆಯೂ ಒಂದು ಕಾರಣ.

ಬರವಣಿಗೆಯೂ ಒಂದು ಬೆರಳಚ್ಚು. ಅಮೆರಿಕದ ಸಂವಿಧಾನದ ಪರವಾಗಿ 1787-88ರಲ್ಲಿ ಒಂದೇ ಗುಪ್ತನಾಮದಲ್ಲಿ ಬಂದ ಪ್ರಬಂಧಗಳಲ್ಲಿ ಹನ್ನೆರಡು ಅಲೆಕ್ಸಾಂಡರ್ ಹ್ಯಾಮಿಲ್ಟನ್‌ನವೋ ಜೇಮ್ಸ್ ಮ್ಯಾಡಿಸನ್‌ನವೋ ಎಂಬ ವಿವಾದವಿತ್ತು. ಫ್ರೆಡರಿಕ್ ಮೋಸ್ಟೆಲರ್ ಮತ್ತು ಡೇವಿಡ್ ವಾಲೇಸ್ 1964ರಲ್ಲಿ ಅದನ್ನು ಬಿಡಿಸಿದ್ದು ದೊಡ್ಡ ವಿಚಾರಗಳಿಂದಲ್ಲ, ಯಾರೂ ಲಕ್ಷ್ಯ ಕೊಡದ ಪುಟ್ಟ ಪದಗಳ ಎಣಿಕೆಯಿಂದ. ‘ಅಪಾನ್’ (upon) ಎಂಬ ಪದವನ್ನು ಹ್ಯಾಮಿಲ್ಟನ್ ಧಾರಾಳವಾಗಿ ಬಳಸುತ್ತಿದ್ದ, ಮ್ಯಾಡಿಸನ್ ಬಳಸುತ್ತಿದ್ದುದೇ ಅಪರೂಪ. ನಮ್ಮ ಭಾಷೆಯಲ್ಲಿ ಇಂಥ ಗುರುತುಗಳಿಗೆ ಬರವೇ? ಒಬ್ಬರು ‘ಮಾಡುತ್ತಾರೆ’ ಎಂದರೆ ಇನ್ನೊಬ್ಬರು ‘ಮಾಡ್ತಾರೆ’, ಒಬ್ಬರಿಗೆ ‘ಯಾಕೆ’, ಇನ್ನೊಬ್ಬರಿಗೆ ‘ಏಕೆ’. ವಾಕ್ಯದ ಕೊನೆಗೆ ಎರಡು ಚುಕ್ಕಿ ಇಡುವವರಿದ್ದಾರೆ, ಹಕಾರವನ್ನು ಬೇಕಾದಲ್ಲಿ ಬಿಟ್ಟು ಬೇಡವಾದಲ್ಲಿ ಹಾಕುವವರಿದ್ದಾರೆ. ಹಿಂದೆ ಇದನ್ನೆಲ್ಲ ಹೊಂದಿಸಿ ನೋಡಲು ವಿದ್ವಾಂಸರು ವರ್ಷಗಟ್ಟಲೆ ಕೂರಬೇಕಿತ್ತು. ಈಗ ಭಾಷೆಯ ಎಣಿಕೆ ಯಂತ್ರಗಳಿಗೆ ಒಲಿದ ವಿದ್ಯೆ.

ಇನ್ನು ನಾವು ಎಷ್ಟೇ ಬಾಯಿ ಹೊಲಿದುಕೊಂಡರೂ ನಮ್ಮ ಪರವಾಗಿ ಬಾಯಿಬಿಡುವವರಿದ್ದಾರೆ. ಗೆಳೆಯರು ಒಂದು ಆ್ಯಪ್‌ಗೆ ತಮ್ಮ ಸಂಪರ್ಕ ಪಟ್ಟಿ ನೋಡಲು ಅನುಮತಿ ಕೊಟ್ಟರೆ ಅದರಲ್ಲಿರುವ ನಮ್ಮ ಸಂಖ್ಯೆ, ಅವರು ನಮಗಿಟ್ಟ ಹೆಸರು ಎಲ್ಲವೂ ಹೋದವು, ನಾವು ಆ ಆ್ಯಪ್‌ನ ಮುಖವನ್ನೇ ನೋಡದಿದ್ದರೂ. ರಕ್ತಸಂಬಂಧದಲ್ಲಿ ಇದು ಇನ್ನೂ ಆಳಕ್ಕೆ ಹೋಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿ 1970 ಮತ್ತು 80ರ ದಶಕಗಳಲ್ಲಿ ಸರಣಿ ಅತ್ಯಾಚಾರ, ಕೊಲೆ ಮಾಡಿದವನು 2018ರಲ್ಲಿ ಸಿಕ್ಕಿದ್ದು ವಂಶವೃಕ್ಷ ಹುಡುಕುವ ತಾಣಕ್ಕೆ ಅವನ ದೂರದ ಬಂಧುಗಳು ತಮ್ಮ ಡಿಎನ್‌ಎ ಕೊಟ್ಟಿದ್ದರಿಂದ. ಆ ಮನುಷ್ಯ ಸಿಕ್ಕಿದ್ದಕ್ಕೆ ದುಃಖಿಸಬೇಕಿಲ್ಲ. ಆದರೆ ಅದೇ ವರ್ಷ ಯಾನಿವ್ ಅರ್ಲಿಕ್ ಮತ್ತು ಸಂಗಡಿಗರು ಸುಮಾರು 12.8 ಲಕ್ಷ ಜನರ ಸಂಗ್ರಹವೊಂದನ್ನು ಪರಿಶೀಲಿಸಿ, ಯುರೋಪ್ ಮೂಲದ ಅಮೆರಿಕನ್ನರಲ್ಲಿ ಶೇ. 60ರಷ್ಟು ಹುಡುಕಾಟಗಳಿಗೆ ಮುತ್ತಜ್ಜ ಅಥವಾ ಮುತ್ತಜ್ಜಿಯ ತಂದೆತಾಯಿಯಲ್ಲಿ ಕೂಡುವ ಬಂಧು (ಥರ್ಡ್ ಕಸಿನ್) ಅಥವಾ ಇನ್ನೂ ಹತ್ತಿರದ ಬಂಧು ಸಿಗುತ್ತಾನೆಂದು ತೋರಿಸಿದರು. ಕೊಲೆಗಾರನಿಗೂ ನಿರಪರಾಧಿಗೂ ಈ ಲೆಕ್ಕ ಒಂದೇ. ಒಪ್ಪಿಗೆ ಎಂಬ ಮಾತು ಇಲ್ಲಿ ಅರ್ಥ ಕಳೆದುಕೊಳ್ಳುತ್ತದೆ, ಏಕೆಂದರೆ ಸಹಿ ಹಾಕಿದವರು ನಾವಲ್ಲ.

ಹೆಸರು ಕಡ್ಡಾಯ ಮಾಡಿದರೆ?

ಮುಚ್ಚಿಡುವಂಥದ್ದೇನೂ ಇಲ್ಲದವರಿಗೆ ಭಯವೇಕೆ ಎಂದು ಕೇಳುವವರಿದ್ದಾರೆ. ಅದಕ್ಕಿಂತ ತೂಕದ ಪ್ರಶ್ನೆ ಇನ್ನೊಂದು: ಮುಖವಿಲ್ಲದ ಜನ ಹೆಂಗಸರಿಗೆ, ದುರ್ಬಲರಿಗೆ ಕೊಡುವ ಕಾಟ ಕಣ್ಣೆದುರೇ ಇದೆ, ಎಲ್ಲರೂ ನಿಜ ಹೆಸರಿನಲ್ಲೇ ಬರೆಯಲಿ ಎಂದರೆ ತಪ್ಪೇನು? ಆ ಕಾಟವನ್ನು ನಾನು ಹಗುರ ಮಾಡುವುದಿಲ್ಲ. ಆದರೆ ಈ ಮದ್ದನ್ನು ಒಂದು ದೇಶ ಕುಡಿದು ನೋಡಿದೆ. ದಕ್ಷಿಣ ಕೊರಿಯಾ 2007ರಿಂದ ದೊಡ್ಡ ತಾಣಗಳಲ್ಲಿ ಬರೆಯುವ ಮೊದಲು ನಿಜ ಗುರುತನ್ನು ದೃಢಪಡಿಸಬೇಕೆಂದು ಕಡ್ಡಾಯ ಮಾಡಿತು. ಹಾಗಾಗಿ ತಾಣಗಳಲ್ಲಿ ಜನರ ಗುರುತಿನ ರಾಶಿಯೇ ಬಿತ್ತು. 2011ರ ಜುಲೈನಲ್ಲಿ ಅಲ್ಲಿನ ಎರಡು ಜನಪ್ರಿಯ ತಾಣಗಳಿಂದ 3.5 ಕೋಟಿ ಬಳಕೆದಾರರ ಮಾಹಿತಿ ಕಳುವಾಯಿತು, ಆ ದೇಶದ ಜನಸಂಖ್ಯೆಯೇ ಸುಮಾರು 5 ಕೋಟಿ. 2012ರಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ ಆ ಕಾನೂನನ್ನು ಸರ್ವಾನುಮತದಿಂದ ರದ್ದು ಮಾಡಿತು. ಕಾಟ ಕೊಡುವವರಲ್ಲಿ ಎಷ್ಟೋ ಜನ ತಮ್ಮ ಹೆಸರಿನಲ್ಲೇ ಎದೆ ಸೆಟೆಸಿ ಕೊಡುತ್ತಾರೆ. ಹೆಸರು ಕಡ್ಡಾಯವಾದರೆ ಮೊದಲು ಬಾಯಿ ಮುಚ್ಚುವವರು ಗಂಡನ ಹೊಡೆತದ ಬಗ್ಗೆ ಸಲಹೆ ಕೇಳಬೇಕಾದವಳು, ಕಚೇರಿಯ ಲಂಚದ ಬಗ್ಗೆ ಬಾಯಿಬಿಡಬೇಕಾದ ಗುಮಾಸ್ತ, ತನ್ನ ದೇಹದ ಬಗ್ಗೆ ಮನೆಯಲ್ಲಿ ಕೇಳಲಾಗದ ಹದಿಹರೆಯದವರು.

ಗುಂಪನ್ನು ಮತ್ತೆ ಕಟ್ಟುವುದು

ಇಷ್ಟೆಲ್ಲ ಓದಿ ಕೈಚೆಲ್ಲಬೇಕಿಲ್ಲ. ‘ಯಾರಿಂದ ಮರೆಯಾಗಬೇಕು’ ಎಂಬ ಒಂದು ಪ್ರಶ್ನೆ ಕೇಳಿಕೊಂಡರೆ ಅರ್ಧ ದಾರಿ ಸಾಗಿದಂತೆ. ಮನೆಯವರಿಂದಲಾದರೆ ಇನ್‌ಕಾಗ್ನಿಟೊ ಸಾಕು. ಜಾಹೀರಾತುದಾರರಿಂದಲಾದರೆ ಫೋನಿನ ಜಾಹೀರಾತು ಗುರುತನ್ನು ಅಳಿಸಿ, ಆ್ಯಪ್‌ಗಳಿಂದ ಜಾಗದ ಅನುಮತಿ ಹಿಂತೆಗೆದುಕೊಂಡು, ಹಿಂಬಾಲಿಕೆ ತಡೆಯುವ ಬ್ರೌಸರ್ ಬಳಸಬೇಕು. ಒಂದು ಗುರುತಿಗೆ ಬಳಸಿದ ಇಮೇಲ್, ಫೋನ್, ಫೋಟೊ ಇನ್ನೊಂದಕ್ಕೆ ತಾಗಬಾರದು. ಸರ್ಕಾರವೊಂದು ಬೆನ್ನು ಹತ್ತಿದವರಿಗೆ ಇವ್ಯಾವುವೂ ಸಾಲವು, ಅದು ಬೇರೆಯದೇ ಮಟ್ಟದ ಕಸರತ್ತು.

ತಾಣ, ಆ್ಯಪ್‌ಗಳನ್ನು ಕಟ್ಟುವವರು ಮಾಡಬಹುದಾದದ್ದು ಇದಕ್ಕಿಂತ ಹೆಚ್ಚು. 1965ರಲ್ಲಿ ಸ್ಟ್ಯಾನ್ಲಿ ವಾರ್ನರ್ ಎಂಬ ಸಂಶೋಧಕ ಸೂಚಿಸಿದ ಉಪಾಯವೊಂದರ ಸರಳ ರೂಪ ನನಗೆ ತುಂಬ ಇಷ್ಟ. ಸಾವಿರ ಜನರಿಗೆ ನಾಚಿಕೆಯ ಪ್ರಶ್ನೆಯೊಂದನ್ನು ಕೇಳಬೇಕು. ಪ್ರತಿಯೊಬ್ಬರೂ ಗುಟ್ಟಾಗಿ ನಾಣ್ಯ ಚಿಮ್ಮಲಿ. ತಲೆ ಬಿದ್ದರೆ ನಿಜ ಹೇಳಲಿ. ಬಾಲ ಬಿದ್ದರೆ ಇನ್ನೊಮ್ಮೆ ಚಿಮ್ಮಿ, ಅದು ಹೇಳಿದಂತೆ ಹೌದು ಅಥವಾ ಇಲ್ಲ ಎನ್ನಲಿ. 350 ಜನ ಹೌದು ಎಂದರು ಎನ್ನೋಣ. ಅದರಲ್ಲಿ ಸುಮಾರು 250 ನಾಣ್ಯದ ಮಾತು. ಉಳಿದ 100 ‘ಹೌದು’ ಬಂದದ್ದು ನಿಜ ಹೇಳಿದ ಸುಮಾರು 500 ಜನರಿಂದ, ಅಂದರೆ ಶೇ. 20. ಸಮಾಜದ ಸತ್ಯ ಸಿಕ್ಕಿತು. ಆದರೆ ಹೌದು ಎಂದ ಯಾರನ್ನು ಹಿಡಿದು ನಿಲ್ಲಿಸಿದರೂ ‘ನಾಣ್ಯ ಹಾಗೆ ಬಿತ್ತು’ ಎನ್ನಬಹುದು. ಇದೇ ಯೋಚನೆಗೆ ಸಿಂತಿಯಾ ಡ್ವರ್ಕ್ ಮತ್ತು ಸಂಗಡಿಗರು 2006ರಲ್ಲಿ ಡಿಫರೆನ್ಷಿಯಲ್ ಪ್ರೈವಸಿ ಎಂಬ ಗಟ್ಟಿ ಗಣಿತ ಕೊಟ್ಟರು. ಅಮೆರಿಕದ 2020ರ ಜನಗಣತಿಯ ಅಂಕಿಅಂಶ ಪ್ರಕಟವಾದದ್ದು ಅದರ ಕಾವಲಿನಲ್ಲಿ.

ಇನ್ನೂ ಸರಳ ದಾರಿ, ಕೂಡಿಡದೇ ಇರುವುದು. 2016ರಲ್ಲಿ ಅಮೆರಿಕದ ನ್ಯಾಯವ್ಯವಸ್ಥೆ ಸಿಗ್ನಲ್ ಎಂಬ ಸಂದೇಶ ಆ್ಯಪ್‌ನವರಿಂದ ಬಳಕೆದಾರರ ಮಾಹಿತಿ ಕೇಳಿದಾಗ ಅವರ ಬಳಿ ಕೊಡಲು ಇದ್ದದ್ದು ಖಾತೆ ತೆರೆದ ಹೊತ್ತು ಮತ್ತು ಕೊನೆಯ ಬಾರಿ ಸಂಪರ್ಕಕ್ಕೆ ಬಂದ ದಿನ, ಎರಡೇ ಸಂಗತಿಗಳು.

ಟಾರ್ ಜಾಲದ ಕತೆಯನ್ನು ಕೊನೆಗೆಂದು ಉಳಿಸಿಕೊಂಡಿದ್ದೆ. 1990ರ ದಶಕದಲ್ಲಿ ಅಮೆರಿಕದ ನೌಕಾಪಡೆಯ ಸಂಶೋಧನಾಲಯದಲ್ಲಿ ಹುಟ್ಟಿದ ಕಲ್ಪನೆ ಅದು. ನಿಮ್ಮ ಸಂದೇಶ ಈರುಳ್ಳಿಯಂತೆ ಪದರ ಪದರ ಬೀಗ ಹಾಕಿಕೊಂಡು ಮೂರು ಕಂಪ್ಯೂಟರ್‌ಗಳನ್ನು ದಾಟುತ್ತದೆ. ಮೊದಲನೆಯದಕ್ಕೆ ನೀವು ಯಾರೆಂದು ಗೊತ್ತು, ಎಲ್ಲಿಗೆ ಹೋಗುತ್ತೀರೆಂದು ಗೊತ್ತಿಲ್ಲ. ಮೂರನೆಯದಕ್ಕೆ ಎಲ್ಲಿಗೆಂದು ಗೊತ್ತು, ಯಾರೆಂದು ಗೊತ್ತಿಲ್ಲ. ನಡುವಿನದಕ್ಕೆ ಎರಡೂ ಗೊತ್ತಿಲ್ಲ. ಇಷ್ಟು ಚೆಂದದ ಏರ್ಪಾಡಿದ್ದೂ ಗುಂಪಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಸಾಕ್ಷಿ 2013ರ ಡಿಸೆಂಬರ್‌ನದು. ಪರೀಕ್ಷೆ ತಪ್ಪಿಸಲು ಹಾರ್ವರ್ಡ್‌ನ ವಿದ್ಯಾರ್ಥಿಯೊಬ್ಬ ಟಾರ್ ಮೂಲಕ ಬಾಂಬ್ ಬೆದರಿಕೆಯ ಇಮೇಲ್ ಕಳಿಸಿದ್ದ. ಟಾರ್‌ನ ಬೀಗವನ್ನು ಯಾರೂ ಮುರಿಯಲಿಲ್ಲ. ಆ ಹೊತ್ತಿಗೆ ವಿಶ್ವವಿದ್ಯಾಲಯದ ವೈಫೈನಲ್ಲಿ ಟಾರ್ ಬಳಸಿದವರು ಯಾರೆಂದು ನೋಡಿದರು, ಹೋಗಿ ಕೇಳಿದರು, ಅವನು ಒಪ್ಪಿಕೊಂಡ. ಕೀಚಕನನ್ನು ಕೊಲ್ಲಬಲ್ಲವರ ಪಟ್ಟಿ ಮತ್ತೆ ಚಿಕ್ಕದಿತ್ತು.

ನೌಕಾಪಡೆಯವರಿಗೆ ಈ ಕಷ್ಟ ಮೊದಲೇ ಹೊಳೆದಿತ್ತು. ಟಾರ್ ಅನ್ನು ಗೂಢಚಾರರು ಮಾತ್ರ ಬಳಸಿದರೆ, ಟಾರ್‌ನಿಂದ ಬಂದವರೆಲ್ಲ ಗೂಢಚಾರರೆಂದು ಯಾರಾದರೂ ಹೇಳುತ್ತಾರೆ. ಆದ್ದರಿಂದ ಅದನ್ನು ಎಲ್ಲರಿಗೂ ತೆರೆದಿಡುವುದು ಅನಿವಾರ್ಯವಾಯಿತು, ಅದರ ಕೋಡ್ ಮುಕ್ತವಾಗಿ ಹೊರಬಂತು. ಇಂದು ದಿನವೂ ಲಕ್ಷಾಂತರ ಜನ ಅದನ್ನು ಬಳಸುತ್ತಾರೆ. ಅವರಲ್ಲಿ ಒಬ್ಬಳು ಮನೆಯಿಂದ ತಪ್ಪಿಸಿಕೊಳ್ಳುವ ದಾರಿ ಹುಡುಕುತ್ತಿರುತ್ತಾಳೆ, ಒಬ್ಬ ವರದಿಗಾರನಿಗೆ ದಾಖಲೆ ಕಳಿಸುತ್ತಿರುತ್ತಾನೆ, ಇನ್ನೊಬ್ಬರು ನಾಳೆ ಮಳೆ ಬರುತ್ತದೆಯೇ ಎಂದು ನೋಡುತ್ತಿರುತ್ತಾರೆ. ಹೊರಗಿನಿಂದ ನೋಡಿದರೆ ಮೂವರೂ ಒಂದೇ ಥರ ಕಾಣುತ್ತಾರೆ. ಮಳೆ ನೋಡಲು ಬಂದವರಿಗೆ ತಾವು ಆ ಹೊತ್ತು ಇನ್ನಿಬ್ಬರಿಗೆ ಮರೆಯಾಗಿ ನಿಂತಿದ್ದೇವೆಂದು ಗೊತ್ತೇ ಇರುವುದಿಲ್ಲ.